ನಾಲ್ಕು ಕುರಿಗಳ ಮೊಳಕೈ

ನಮ್ಮ ಸರ್ ಕುರಿಗಳನ್ನು ಅಳೆಯುವ ಮೊದಲೇ ಉತ್ತರ ಬರೆದಿಟ್ಟಿದ್ದರು. ಉತ್ತರ ಮೂರು.

ಇದು ಚಾಡಿಯಲ್ಲ. ಯೋಜನೆಯ ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲೇ ಅಚ್ಚಾಗಿತ್ತು: ಸ್ಥಳೀಯ ಕುರಿಗಳ ದೇಹದ ಅಳತೆಗಳಿಂದ ಮೂರು ಪ್ರಧಾನ ಘಟಕಗಳನ್ನು ಉಳಿಸಿಕೊಳ್ಳಲಾಗುವುದು. ಆಗ ಒಂದು ಕುರಿಯೂ ಟೇಪಿನ ಮುಖ ನೋಡಿರಲಿಲ್ಲ. ಯಾಕೆ ಮೂರು ಎಂದು ಕೆಲಸಕ್ಕೆ ಸೇರಿದ ಮೊದಲ ವಾರ ಕೇಳಿದ್ದೆ. ಅವರ ಹಿಂದಿನ ವಿದ್ಯಾರ್ಥಿಯ ಪ್ರಬಂಧದಲ್ಲಿ ಮೂರು ಇತ್ತಂತೆ. ಅವರ ಗುರುಗಳ ಪ್ರಬಂಧದಲ್ಲೂ ಮೂರೇ ಇತ್ತಂತೆ. ಯಾವ ಪರೀಕ್ಷಕರೂ ತಕರಾರು ತೆಗೆದಿರಲಿಲ್ಲವಂತೆ. ಮನೆತನದ ರುಮಾಲಿನ ಹಾಗೆ ಆ ಮೂರು ತಲೆಯಿಂದ ತಲೆಗೆ ದಾಟಿ ಬಂದಿತ್ತು. ಈಗ ನನ್ನ ತಲೆಗೆ ಸುತ್ತುವ ತಯಾರಿ ನಡೆದಿತ್ತು.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಆ ಯೋಜನೆಯಲ್ಲಿ ಸಹಾಯಕಿಯಾಗಿದ್ದೆ. ಒಂದು ವರ್ಷದ ಕೆಲಸ. ವರ್ಷದ ಕೊನೆಗೆ ಸಮಿತಿ ಕೂತು ಇನ್ನೆರಡು ವರ್ಷ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಆ ಕೆಲಸವನ್ನು ನಂಬಿ ಜಮಖಂಡಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಹಿಡಿದಿದ್ದೆ. ಒಂದು ಕಿಟಕಿ, ಒಂದು ಟೇಬಲ್ಲು, ಒಂದು ಕೀಲಿ. ಬೀಳಗಿಯ ನಮ್ಮ ಮನೆಯಲ್ಲಿ ಯಾವ ಬಾಗಿಲಿಗೂ ಒಳಗಿನಿಂದ ಚಿಲಕವಿಲ್ಲ. ನಾನು ಪುಸ್ತಕದ ಎಷ್ಟನೆಯ ಪುಟದಲ್ಲಿದ್ದೇನೆ ಎಂಬುದು ಇಡೀ ಓಣಿಗೆ ಗೊತ್ತಿರುತ್ತದೆ. ನನ್ನ ಮದುವೆಯ ಬಗ್ಗೆ ನನಗಿಂತ ಮೊದಲು ಹಾಲು ಹಾಕುವವರಿಗೆ ತಿಳಿಯುತ್ತದೆ. ಕೆಲಸ ಮುಂದುವರಿಯದಿದ್ದರೆ ಕೋಣೆ ಬಿಟ್ಟು ಅಲ್ಲಿಗೇ ಮರಳಬೇಕು. ಆದ್ದರಿಂದ ಆ ಯೋಜನೆಯಲ್ಲಿ ನನ್ನ ಪಾಲಿಗೆ ಪಣಕ್ಕಿದ್ದದ್ದು ಕುರಿಯ ತಳಿಯೂ ಅಲ್ಲ, ವಿಜ್ಞಾನದ ಮುನ್ನಡೆಯೂ ಅಲ್ಲ. ಆ ಕೀಲಿ.

ವಿಷಯ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಬೇಕು. ಒಂದು ಕುರಿಯ ಮೈಮೇಲೆ ಹತ್ತು ಅಳತೆ ತೆಗೆಯುತ್ತೀರಿ ಎಂದುಕೊಳ್ಳಿ: ಎದೆಯ ಸುತ್ತು, ಮೈ ಉದ್ದ, ಭುಜದ ಎತ್ತರ, ಕಿವಿ, ಬಾಲ, ಹೀಗೆ. ಹತ್ತು ಅಳತೆಯೆಂದರೆ ಹತ್ತು ಸುದ್ದಿಯಲ್ಲ. ಎತ್ತರದ ಕುರಿ ಸಾಮಾನ್ಯವಾಗಿ ಉದ್ದವೂ ಇರುತ್ತದೆ, ಅದರ ಎದೆಯೂ ಅಗಲವಾಗಿರುತ್ತದೆ. ಒಂದೇ ಸುದ್ದಿಯನ್ನು ಹಲವು ಬಾಯಿಗಳು ಹೇಳುತ್ತಿರುತ್ತವೆ. ಆ ಬಾಯಿಗಳ ಹಿಂದೆ ನಿಜವಾಗಿ ಎಷ್ಟು ಸುದ್ದಿಗಳಿವೆ ಎಂದು ಬೇರ್ಪಡಿಸಿದರೆ ಸಿಗುವುದೇ ಪ್ರಧಾನ ಘಟಕಗಳು. ಒಂದೊಂದು ಘಟಕಕ್ಕೂ ಒಂದು ಸಂಖ್ಯೆ ಇರುತ್ತದೆ, ಐಗೆನ್ ಮೌಲ್ಯ. ಕುರಿಗೂ ಕುರಿಗೂ ಇರುವ ವ್ಯತ್ಯಾಸದಲ್ಲಿ ಆ ಘಟಕದ ಪಾಲೆಷ್ಟು ಎಂದು ಅದು ಹೇಳುತ್ತದೆ. ಆ ಸಂಖ್ಯೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಚುಕ್ಕಿಯಿಟ್ಟು ಗೆರೆ ಎಳೆದರೆ ಗುಡ್ಡದ ಒಂದು ಮಗ್ಗುಲು ಕಾಣುತ್ತದೆ. ಮೊದಲು ಕಡಿದಾದ ಇಳಿಜಾರು, ಆಮೇಲೆ ಬುಡದಲ್ಲಿ ಉದುರಿ ಬಿದ್ದ ಕಲ್ಲುಮಣ್ಣಿನ ಗರಸು. ಇಳಿಜಾರು ಮುಗಿದು ಗರಸು ಶುರುವಾಗುವಲ್ಲಿ ಗೆರೆ ಮಡಚುತ್ತದೆ. ಅದಕ್ಕೆ ಮೊಳಕೈ ಎನ್ನುತ್ತಾರೆ. ಮೊಳಕೈಯ ಮೇಲಿನ ಘಟಕಗಳನ್ನು ಇಟ್ಟುಕೊಳ್ಳಬೇಕು, ಗರಸನ್ನು ಬಿಡಬೇಕು. ಕೇಳಲು ಸುಲಭ. ತೊಂದರೆಯೆಂದರೆ ನಿಜವಾದ ಗೆರೆಗಳಿಗೆ ಬಹಳ ಸಲ ಮೊಳಕೈಯೇ ಇರುವುದಿಲ್ಲ. ನೋಡುವವರು ತಮ್ಮದನ್ನು ಅಲ್ಲಿ ಊರಿ ಕೂತುಬಿಡುತ್ತಾರೆ.

ಸರ್ ಹಾಕಿದ ಯೋಜನೆಯ ಪ್ರಕಾರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳಲ್ಲಿ ತಲಾ ಮೂವತ್ತು ಕುರಿ ಅಳೆಯಬೇಕಿತ್ತು. ನನ್ನನ್ನು ಆರಿಸಿದ್ದು ನನ್ನ ಅಂಕಪಟ್ಟಿಗಾಗಿ ಎಂದು ಆರು ತಿಂಗಳು ನಂಬಿದ್ದೆ. ನನ್ನ ತಾಯಿಯ ತವರಿನವರು ಕುರಿ ಕಾಯುವವರು, ಬೀರೇಶ್ವರನ ಒಕ್ಕಲು, ನಾಲ್ಕೂ ತಾಲ್ಲೂಕುಗಳಲ್ಲಿ ಅವರ ಬೀಗರಿದ್ದಾರೆ ಎಂಬುದು ಅಂಕಪಟ್ಟಿಗಿಂತ ಮುಖ್ಯವಾಗಿತ್ತೆಂದು ಆಮೇಲೆ ತಿಳಿಯಿತು.

ಮಾಮನ ಹಿಂಡು ಬೀಳಗಿ ಕಡೆ, ಕೃಷ್ಣೆಯ ಹಿನ್ನೀರಿನ ಅಂಚಿನಲ್ಲಿ ಇರುತ್ತದೆ. ಹಿಂಡಿನಲ್ಲಿ ಎಷ್ಟು ಕುರಿಗಳಿವೆ ಎಂದು ನಾನು ಹುಟ್ಟಿದಾಗಿನಿಂದ ಯಾರೂ ನನಗೆ ಹೇಳಿಲ್ಲ. ಕೇಳಿದರೆ ಮಾಮ, “ಅದಾವ ಒಂದೀಟು” ಎನ್ನುತ್ತಾನೆ. ಒಂದೀಟು ಎನ್ನುವುದು ಅವನ ಮನೆಯಲ್ಲಿ ಒಂದರಿಂದ ಸಾವಿರದವರೆಗಿನ ಎಲ್ಲ ಸಂಖ್ಯೆಗಳ ಹೆಸರು. ಎಣಿಸಿದ ಹಿಂಡು ಬೆಳೆಯುವುದಿಲ್ಲ ಎಂದು ಅವರ ನಂಬಿಕೆ. ಇಂಥ ಮನೆಯಿಂದ ಬಂದು ಸಂಖ್ಯಾಶಾಸ್ತ್ರ ಓದಿದ್ದು ನಾನೊಬ್ಬಳೇ. ಅದನ್ನು ಅಜ್ಜಿ ಸಾಯುವತನಕ ಯಾವುದೋ ಕಾಯಿಲೆಯ ಹೆಸರೆಂದೇ ತಿಳಿದಿದ್ದಳು.

ಆದರೂ ಮಾಮ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಉಳಿದ ಮೂರು ತಾಲ್ಲೂಕಿನ ಜವಾಬ್ದಾರಿಯನ್ನೂ ತಾನೇ ಹೊತ್ತ. ಬೀಗರು ಹೊಸಬರನ್ನು ಕಂಡರೆ ಬೆದರುತ್ತಾರೆ, ಎಲ್ಲ ಕಡೆಗೂ ತಾನೇ ಬರುತ್ತೇನೆ ಎಂದ. ಅಂಥ ಉತ್ಸಾಹ ಅವನಲ್ಲಿ ಮೊದಲೆಂದೂ ಕಂಡಿರಲಿಲ್ಲ. ಅನುಮಾನ ಬರಬೇಕಿತ್ತು. ಬರಲಿಲ್ಲ.

ಟೇಪು ಹಿಡಿಯಲು ಸರ್ ಒಬ್ಬರನ್ನು ನೇಮಿಸಿದ್ದರು. ಬನಹಟ್ಟಿಯ ನೇಕಾರರ ಮನೆಯವರು, ನಡುವಯಸ್ಸು, ಹತ್ತು ಹನ್ನೆರಡು ವರ್ಷ ಬಟ್ಟೆ ಅಂಗಡಿಯಲ್ಲಿ ಕೈಗಜ ಹಿಡಿದವರು. ಅವರ ಅಳತೆಯ ನಿಖರತೆ ಬಗ್ಗೆ ನಾನೇ ಸರ್ ಮುಂದೆ ಹೊಗಳಿದ್ದೆ. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದ್ದರೆ ಬಾಗಿಲಿನಿಂದಲೇ ಹೇಳುವ ಕಣ್ಣು. ಕುರಿಯನ್ನು ಮಾತ್ರ ಅವರು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಅದರ ಬಾಲಕ್ಕೆ ಒಂದೆರಡು ಸಲ ಸೆರಗು ಎಂದದ್ದೂ ಉಂಟು.

ಅಳತೆ ಹೀಗೆ ನಡೆಯಿತು. ಮುಳ್ಳುಬೇಲಿಯ ಆಚೆಯಿಂದ ಮಾಮ ಒಂದೊಂದೇ ಕುರಿ ತರುತ್ತಿದ್ದ. ನೇಕಾರರು ಅಳೆದು ಸಂಖ್ಯೆ ಕೂಗುತ್ತಿದ್ದರು. ನಾನು ಬೇವಿನ ನೆರಳಲ್ಲಿ ಕೂತು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಮಾಮ ಕುರಿಯನ್ನು ಬೇಲಿಯಾಚೆ ಒಯ್ದು ಇನ್ನೊಂದನ್ನು ತರುತ್ತಿದ್ದ. ಮೊದಲು ಬೀಳಗಿ. ಮುಂದಿನ ವಾರ ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯ ಹೊಲ. ಆಮೇಲೆ ಜಮಖಂಡಿ ಕಡೆ, ಕೊನೆಗೆ ರಬಕವಿ ಹತ್ತಿರ. ಎಲ್ಲ ಕಡೆ ನಮಗಿಂತ ಮೊದಲೇ ಮಾಮನ ಮೂರು ಗಾಲಿಯ ಟಂಟಂ ಬಂದು ನಿಂತಿರುತ್ತಿತ್ತು, ಹಿಂದೆ ತಾಡಪತ್ರಿ ಹೊದಿಸಿಕೊಂಡು. ಮೇವು ಇರಬೇಕು ಎಂದುಕೊಂಡೆ. ಕುರಿಗಳೆಲ್ಲ ಕಪ್ಪಗಿದ್ದವು. ಕುರಿ ಕಾಯುವವರ ಮೊಮ್ಮಗಳಾದ ನನಗೆ ಅದಕ್ಕಿಂತ ಹೆಚ್ಚೇನೂ ಕಾಣಲಿಲ್ಲ. ನೂರಾ ಇಪ್ಪತ್ತು ಸಾಲು ಬರೆದೆ, ಒಂದೂ ಚಿತ್ತಿಲ್ಲದೆ. ನನ್ನ ಅಕ್ಷರ ಚೆನ್ನಾಗಿದೆ.

ಗೆರೆ ಎಳೆದ ದಿನ ಆಫೀಸಿನಲ್ಲಿ ನಾನು, ಸರ್ ಇಬ್ಬರೇ ಇದ್ದೆವು. ಪರದೆಯ ಮೇಲೆ ಮೂಡಿದ ಚಿತ್ರ ಪಠ್ಯಪುಸ್ತಕದಲ್ಲೂ ಇರದಷ್ಟು ಚೊಕ್ಕವಾಗಿತ್ತು. ಮೊದಲ ಮೂರು ಚುಕ್ಕಿ ಮೇಲೆ. ನಾಲ್ಕನೆಯದು ಬಾವಿಗೆ ಬಿದ್ದ ಕೊಡದಂತೆ ತಳದಲ್ಲಿ. ಉಳಿದ ಆರು ಅದರ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದವು. ಮೊಳಕೈ ಎಂದರೆ ಮೊಳಕೈ. ಸರ್ ಕುರ್ಚಿಯಿಂದ ಎದ್ದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ತಮ್ಮ ಇಪ್ಪತ್ತೈದು ವರ್ಷದ ಸೇವೆಯಲ್ಲಿ ಇಂಥ ಮೊಳಕೈ ಕಂಡಿಲ್ಲ ಎಂದರು. ಚಹಾ ತರಿಸಿದರು. ನನಗೂ ಒಂದು ಕಪ್ಪು ಬಂತು. ಅದು ಆ ವರ್ಷದ ಮೊದಲನೆಯದು.

ಇನ್ನೂ ಎರಡು ಪರೀಕ್ಷೆ ಮಾಡಿ ನೋಡಿದೆ. ಐಗೆನ್ ಮೌಲ್ಯ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನಷ್ಟೇ ಇಡಬೇಕೆಂಬ ಒಂದು ಹಳೆಯ ನಿಯಮವಿದೆ. ಅದು ಮೂರು ಎಂದಿತು. ಇನ್ನೊಂದು ನನಗೆ ಇಷ್ಟವಾದದ್ದು: ಅಳತೆಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ಈ ಕುರಿಯ ಕಿವಿಯನ್ನು ಆ ಕುರಿಯ ಬಾಲಕ್ಕೆ ಸೇರಿಸಿ, ಬರೀ ಗೊಂದಲದಿಂದ ಎಂಥ ಗೆರೆ ಬರುತ್ತದೆ ಎಂದು ನೋಡುವುದು. ಗೊಂದಲದ ಗೆರೆಗಿಂತ ಮೇಲಿರುವ ಘಟಕಗಳಿಗೆ ಮಾತ್ರ ಮರ್ಯಾದೆ. ಅದೂ ಮೂರು ಎಂದಿತು. ಮೂವರು ನ್ಯಾಯಾಧೀಶರೂ ಒಂದೇ ತೀರ್ಪು ಕೊಟ್ಟರು. ನನಗೆ ಹೆದರಿಕೆ ಶುರುವಾದದ್ದೇ ಆಗ. ಒಮ್ಮತ ಎನ್ನುವುದು ನಮ್ಮ ಭಾಗದಲ್ಲಿ ಗ್ರಾಮ ಪಂಚಾಯಿತಿಯಲ್ಲೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಕುರಿಗಳನ್ನೇ ಚುಕ್ಕಿಗಳಾಗಿ ಇಟ್ಟು ನೋಡಿದೆ. ನೂರಾ ಇಪ್ಪತ್ತು ಚುಕ್ಕಿ ಮೋಡದಂತೆ ಹರಡಬೇಕಿತ್ತು. ಹರಡಿರಲಿಲ್ಲ. ಬೆಲ್ಲದ ನಾಲ್ಕು ತುಣುಕಿಗೆ ಮುತ್ತಿದ ನೊಣಗಳಂತೆ ನಾಲ್ಕು ಗುಂಪಾಗಿ ಕೂತಿದ್ದವು. ಗುಂಪುಗಳು ತಾಲ್ಲೂಕಿನ ಪ್ರಕಾರವೂ ಇರಲಿಲ್ಲ. ಪ್ರತಿ ಗುಂಪಿನಲ್ಲೂ ನಾಲ್ಕೂ ತಾಲ್ಲೂಕಿನ ಕುರಿಗಳಿದ್ದವು. ಲೆಕ್ಕ ಬಲ್ಲವರಿಗೆ ಮುಂದಿನ ಮಾತು ಹೇಳಬೇಕಿಲ್ಲ. ನಾಲ್ಕೇ ನಾಲ್ಕು ಪ್ರಾಣಿಗಳ ನಡುವೆ ಮೂರಕ್ಕಿಂತ ಹೆಚ್ಚು ದಿಕ್ಕಿನ ವ್ಯತ್ಯಾಸ ಇರಲು ಸಾಧ್ಯವೇ ಇಲ್ಲ. ಎರಡು ಪ್ರಾಣಿಗಳ ನಡುವೆ ಒಂದು, ಮೂರರ ನಡುವೆ ಎರಡು, ನಾಲ್ಕರ ನಡುವೆ ಮೂರು. ಅದರಾಚೆ ಉಳಿಯುವುದು ಟೇಪಿನ ನಡುಕ ಮಾತ್ರ. ನಾವು ಕಂಡು ಸಂಭ್ರಮಿಸಿದ ಮೂರು ತಳಿಯ ಗುಟ್ಟಾಗಿರಲಿಲ್ಲ. ಅದು ಮಾಮ ಟಂಟಂನಲ್ಲಿ ತಂದಿದ್ದ ಕುರಿಗಳ ಸಂಖ್ಯೆ, ಒಂದು ಕಡಿಮೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಬೀಳಗಿಗೆ ಹೊರಟೆ. ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ದಾರಿ ತುಂಬ, ಎರಡೆರಡು ಟ್ರೇಲರು ಎಳೆಯುತ್ತ, ಹಾಡು ಹಚ್ಚಿಕೊಂಡು ಸಾಗುತ್ತಿದ್ದವು. ಬಸ್ಸು ಅವುಗಳ ಹಿಂದೆ ಸೊಸೆಯಂತೆ ನಡೆಯಿತು. ಮಾಮನಿಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳಲು ಸಾಕಷ್ಟು ಹೊತ್ತು ಸಿಕ್ಕಿತು. ಹೋದಮೇಲೆ ಜೋಡಿಸಿದ್ದೆಲ್ಲ ಬಿಟ್ಟು ನೇರವಾಗಿ ಕೇಳಿದೆ. ಎಷ್ಟು ಕುರಿ ತೋರಿಸಿದಿ ಮಾಮಾ?

“ನೀನ ಬರಕೊಂಡಿಯಲ್ಲ ಬೇ, ನಿನ್ನ ವಹಿ ಏನ ಹೇಳತೈತಿ?”

“ವಹಿ ನಾಕು ಅಂತ ಹೇಳತೈತಿ.”

ಮಾಮ ಎಲೆಯಡಿಕೆಯ ಚೀಲ ಬಿಚ್ಚಿ, ಎಲೆ ಆರಿಸಿ, ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟ. ಅವನ ಮುಖದಲ್ಲಿ ಇದ್ದದ್ದು ನಾಚಿಕೆಯಲ್ಲ. ಓದಿದ್ದಕ್ಕೂ ಸಾರ್ಥಕವಾಯಿತು ಎಂಬ ಒಂದು ತರಹದ ಹೆಮ್ಮೆ.

“ಅಲ್ಲ ಬೇ,” ಅಂದ, “ಮುಖ ನೋಡದ ಬರೇ ವಹಿಯೊಳಗ ಕಂಡ್ಯೇನ? ಭಾಳ ಶ್ಯಾಣ್ಯಾಕಿ ಅದಿ ಹಂಗಾರ.”

ಆಮೇಲೆ ಹೇಳಿದ. ಅವರ ಮನೆಯಲ್ಲಿ ಕುರಿಯ ಮೈಗೆ ಅಳತೆ ತಾಗಿಸುವುದು ಅದನ್ನು ಮಾರುವಾಗ ಮಾತ್ರ. ಸಂತೆಗೆ ಹೊರಟ ಕುರಿಗೆ ದಲ್ಲಾಳಿ ಗೇಣು ಹಾಕುತ್ತಾನೆ. ಹಿಂಡಿನಲ್ಲಿ ಉಳಿಯಬೇಕಾದ ಕುರಿಗೆ ಯಾರೂ ಹಾಕುವುದಿಲ್ಲ. ಅಳೆದ ಕುರಿ ಮನೆಗೆ ಉಳಿಯುವುದಿಲ್ಲ ಎಂದು ಮಾತು. ಸೋದರಸೊಸಿಯ ಕೆಲಸ ಕೆಡಬಾರದು, ಹಿಂಡೂ ಕೆಡಬಾರದು. ಅದಕ್ಕೆ ಹೇಗೂ ಮಾರಲು ಇಟ್ಟಿದ್ದ ನಾಲ್ಕು ಮೆತ್ತಗಿನ ಕುರಿಗಳನ್ನೇ ತಿರುಗಿಸಿ ಮುರುಗಿಸಿ ತೋರಿಸಿದ್ದ. ಎಲ್ಲಿಯೂ ಒಂದಾದಮೇಲೆ ಒಂದರಂತೆ ತಂದಿರಲಿಲ್ಲ, ಹೆಚ್ಚುಕಡಿಮೆ ಮಾಡಿ ಕಲಸಿ ತಂದಿದ್ದ. ಎಲೆಗಳನ್ನು ಕಲಸುವ ನನ್ನ ಪ್ರೀತಿಯ ಪರೀಕ್ಷೆಯನ್ನು ಅವನು ನನಗಿಂತ ಮೊದಲೇ ಮಾಡಿ ಮುಗಿಸಿದ್ದ.

ಆ ನಾಲ್ಕು ಈಗ ಎಲ್ಲಿ ಎಂದು ಕೇಳಿದೆ. ಮುಧೋಳದ ಸಂತೆಗೆ ಹೋದವು ಎಂದ. ಮಾದರಿ ಕಳೆದುಹೋದದ್ದನ್ನು ಕೇಳಿದ್ದೇನೆ. ನನ್ನದರಲ್ಲಿ ಇಡೀ ಸಮಷ್ಟಿಯೇ ಮಾರಾಟವಾಗಿತ್ತು.

ಜಮಖಂಡಿಗೆ ಮರಳಿದಮೇಲೆ ನೇಕಾರರನ್ನು ವಿಚಾರಿಸಿದೆ. ಒಂದೇ ಅಳತೆ ಮತ್ತೆ ಮತ್ತೆ ಬರುವುದು ಅವರಿಗೆ ಕಂಡಿರಲಿಲ್ಲವೇ? ಕಂಡಿತ್ತಂತೆ. ಎರಡನೆಯ ದಿನವೇ ಕಂಡಿತ್ತಂತೆ.

“ಒಂದ ತಾನಿನ ಅರಿವಿ ಇದ್ದಂಗ ಇದ್ವು ಅಕ್ಕಾರ,” ಎಂದರು ಮೆಚ್ಚಿಗೆಯಿಂದ. “ನಾ ಅನಕೊಂಡ್ನಿ, ಕುರಿ ಅಂದ್ರ ಹಿಂಗ ಇರಬೇಕು, ಛಲೋ ಮಾಲು.”

ಅವರ ಕಸುಬಿನಲ್ಲಿ ಹತ್ತು ಸೀರೆ ಹತ್ತು ತರಹ ಬಂದರೆ ನೇಯ್ದವನ ಮಾನ ಹೋಗುತ್ತದೆ. ಒಂದೇ ತರಹ ಬರುವುದೇ ಗುಣ. ವ್ಯತ್ಯಾಸವನ್ನು ಹುಡುಕಲು ಸಂಬಳ ಕೊಡುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಅವರ ನಿಖರತೆಯನ್ನು ಹೊಗಳುತ್ತ ನೆರಳಲ್ಲಿ ಕೂತಿದ್ದಳು.

ಸರ್‌ಗೆ ಹೇಳುವುದು ಬಾಕಿ ಇತ್ತು. ಹೇಳಿದೆ. ಅವರು ಕೊನೆಯತನಕ ಕೇಳಿದರು, ಅದು ಅವರ ದೊಡ್ಡತನ. ನಾಲ್ಕು ಕುರಿಗಳ ವಿಷಯಕ್ಕೆ ಅವರಿಗೆ ಬೇಸರವೇನೂ ಆಗಲಿಲ್ಲ. ಬೇಸರವಾದದ್ದು ಆ ಮೊಳಕೈಯನ್ನು ಬಿಡಬೇಕಲ್ಲ ಎಂದು.

“ಇಂಥಾ ಪ್ಲಾಟು ಮತ್ತ ಸಿಗತೈತೇನ್ರಿ?” ಎಂದರು. ಸಮಿತಿ ಮೂರು ವಾರದಲ್ಲಿತ್ತು. ಸಮಿತಿಯವರು ಕುರಿ ನೋಡಲು ಬರುವುದಿಲ್ಲ, ಪ್ಲಾಟು ನೋಡಲು ಬರುತ್ತಾರೆ. ಯೋಜನೆ ನಿಂತರೆ ನಿಮ್ಮ ಹುದ್ದೆಯೂ ನಿಲ್ಲುತ್ತದೆ ಎಂಬುದನ್ನೂ ಅವರು ಬಹಳ ಮೃದುವಾಗಿ ನೆನಪಿಸಿದರು. ನನ್ನ ಕೋಣೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಆದರೂ ಅವರ ಕೈ ಸರಿಯಾಗಿ ನನ್ನ ಕೀಲಿಗೇ ಹೋಗಿತ್ತು.

ಮೂರು ವಾರದಲ್ಲಿ ಎರಡು ಭಾನುವಾರ, ಮಾಮನ ಹಿಂಡನ್ನೇ ಅಳೆಯಲೆಂದು, ಹಿನ್ನೀರಿನ ದಂಡೆಯಲ್ಲಿ ಕಳೆದೆ. ಟೇಪು ತಂದರೆ ಬೇಲಿಯೊಳಗೆ ಕಾಲಿಡಬೇಡ ಎಂದು ಮಾಮ ಹೇಳಿದ್ದ. ದಾರಿ ತೋರಿಸಿದ್ದು ಮಾಮನ ಹೆಂಡತಿ, ಅತ್ತಿ. ಅವಳು ಬಾಗಿಲ ಬಳಿ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಕುರಿಯ ನೂಲು ಕುರಿಗೆ ತಾಗಿದರೆ ಯಾವ ದೇವರು ಸಿಟ್ಟಾಗುತ್ತಾನೆ ಎಂದು ಗಂಡನನ್ನು ಕೇಳಿದಳು. ಮಾಮ ಬೇಲಿಯ ಮುಳ್ಳು ಸರಿಸಿ ದಾರಿ ಬಿಟ್ಟ. ಹಾಗಾಗಿ ಒಂದೊಂದು ಕುರಿಗೂ ಒಂದೊಂದು ನೂಲಿನ ಎಳೆ. ಎದೆಗೆ ಸುತ್ತಿ ಒಂದು ಗಂಟು, ಅಲ್ಲಿಂದ ಮೈ ಉದ್ದಕ್ಕೆ ಇನ್ನೊಂದು, ಹೀಗೆ ಹತ್ತು ಗಂಟು. ಎಳೆಯ ತುದಿಗೆ ಕುರಿಯ ಹೆಸರಿನ ಚೀಟಿ. ಹೆಸರುಗಳನ್ನು ಅತ್ತಿ ಹೇಳಿದಳು: ಗಿಡ್ಡಿ, ದೊಡ್ಡಾಕಿ, ಹೊಟ್ಟಿಬಾಕಿ, ಬೆನ್ನಮ್ಯಾಗ ಮಣ್ಣಾಕಿ. ನನಗೆ ಎಲ್ಲ ಒಂದೇ ಕಪ್ಪಾಗಿ ಕಂಡಿದ್ದವುಗಳಲ್ಲಿ ಒಂದೊಂದಕ್ಕೂ ಒಂದೊಂದು ಜಾತಕವಿತ್ತು. ಗಿಡ್ಡಿ ಹಟಮಾರಿ. ದೊಡ್ಡಾಕಿ ಬೇರೆಯವರ ಮರಿಗೂ ಹಾಲು ಕೊಡುವವಳು. ನನ್ನ ಹತ್ತು ಅಳತೆಯಲ್ಲಿ ಇದಾವುದಕ್ಕೂ ಕಾಲಂ ಇರಲಿಲ್ಲ.

ಎಣಿಸುವಂತಿರಲಿಲ್ಲ. ಎಳೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದು, ಜಮಖಂಡಿಯ ಕೋಣೆಯಲ್ಲಿ ಕೀಲಿ ಹಾಕಿಕೊಂಡು ಎಣಿಸಿದೆ. ಎಷ್ಟು ಎಂದು ವರದಿಯಲ್ಲಿ ಬರೆದಿದ್ದೇನೆ; ಇಲ್ಲಿ ಬೇಡ. ಸರ್ ಬಯಸಿದ್ದಕ್ಕಿಂತ ಕಡಿಮೆ, ನಾಲ್ಕಕ್ಕಿಂತ ಬಹಳ ಹೆಚ್ಚು. ಎಲ್ಲವೂ ಒಂದೇ ತಾಲ್ಲೂಕಿನವು ಎಂಬುದನ್ನೂ ಬರೆದಿದ್ದೇನೆ. ಉಣ್ಣೆಯ ನೂಲು ಹಿಗ್ಗುತ್ತದೆ ಎಂದು ಕೆಲವು ಎಳೆಗಳನ್ನು ಬೇರೆಬೇರೆ ದಿನ ಮತ್ತೆ ಮತ್ತೆ ಅಳೆದು, ಹಿಗ್ಗಿನ ಲೆಕ್ಕವನ್ನೂ ಇಟ್ಟೆ.

ಹೊಸ ಗೆರೆ ಬಂತು. ಮೊದಲ ಚುಕ್ಕಿ ಎತ್ತರದಲ್ಲಿತ್ತು. ದೊಡ್ಡ ಕುರಿ ದೊಡ್ಡದಿರುತ್ತದೆ ಎಂದು ಅದು ಹೇಳುತ್ತಿತ್ತು. ಮಾಮನಿಗೆ ಇದನ್ನು ವಿವರಿಸಿದಾಗ, ಇಷ್ಟಕ್ಕೆ ಕರೆಂಟು ಸುಟ್ಟಿರೇನು ಎಂದು ಕೇಳಿದ್ದ. ಅಲ್ಲಿಂದ ಮುಂದೆ ಗೆರೆ ಹಿನ್ನೀರಿಗೆ ಇಳಿಯುವ ಹೊಲದ ಹಾಗೆ, ಎಲ್ಲಿ ನೆಲ ಮುಗಿದು ಎಲ್ಲಿ ನೀರು ಶುರುವಾಯಿತೆಂದು ತಿಳಿಯದಂತೆ ಇಳಿದಿತ್ತು. ಮಡಚಿದ ಜಾಗವೇ ಇಲ್ಲ. ಒಂದಕ್ಕಿಂತ ಹೆಚ್ಚು ಎಂಬ ನಿಯಮ ಮೂರು ಎಂದಿತು, ಮೂರನೆಯದು ಹೊಸ್ತಿಲ ಮೇಲೆ ತುದಿಗಾಲಲ್ಲಿ ನಿಂತಿತ್ತು. ಕಲಸಿ ನೋಡುವ ಪರೀಕ್ಷೆ ಎರಡು ಎಂದಿತು. ನಾನೂ ಎರಡು ಎಂದೆ, ಅನುಮಾನದೊಂದಿಗೆ. ಅನುಮಾನಕ್ಕೆ ಸಂಖ್ಯಾಶಾಸ್ತ್ರದಲ್ಲಿ ಗೌರವದ ಸ್ಥಾನವಿದೆ ಎಂದು ತರಗತಿಯಲ್ಲಿ ಕಲಿಸಿದ್ದರು.

ಸರ್ ಎರಡೂ ಪ್ಲಾಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಹುಡುಗಿ ನೋಡಲು ಹೋದವರ ಮುಖ. ಹಳೆಯದನ್ನೇ ತೋರಿಸುವುದೆಂದು ತೀರ್ಮಾನಿಸಿದರು.

ಸಮಿತಿಯ ದಿನ ಐದು ಜನ ಬಂದಿದ್ದರು. ಗೋಡೆಯ ಮೇಲೆ ಹಳೆಯ ಮೊಳಕೈ ಬೆಳಗಿತು. ಎಲ್ಲರೂ ತಲೆದೂಗಿದರು. ಅವರಲ್ಲಿ ಒಬ್ಬರು ನಿವೃತ್ತ ಪಶುವೈದ್ಯರು. ಅಷ್ಟು ಹೊತ್ತೂ ಅರ್ಧ ಕಣ್ಣು ಮುಚ್ಚಿದ್ದವರು ಕಣ್ಣು ತೆರೆದು, ಎಷ್ಟು ಕುರಿ ಅಳೆದಿರಿ ಎಂದು ಕೇಳಿದರು. ಸರ್ ನೂರಾ ಇಪ್ಪತ್ತು ಎಂದರು. ಪಶುವೈದ್ಯರು ಪ್ಲಾಟು ನೋಡಿದರು, ಆಮೇಲೆ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ನನ್ನನ್ನು ನೋಡಿದರು.

“ಖರೇನ?” ಎಂದರು.

ಚೀಲದಲ್ಲಿ ಕೀಲಿ ಇತ್ತು. ಚೀಲ ತೊಡೆಯ ಮೇಲಿತ್ತು. ಅದು ತಾಗುತ್ತಿತ್ತು ಎಂದು ನೆನಪಿದೆ.

“ನಾಕು,” ಎಂದೆ.

ಯಾರೂ ನಗಲಿಲ್ಲ. ಟಂಟಂ, ತಾಡಪತ್ರಿ, ಮುಧೋಳದ ಸಂತೆ, ನೂಲಿನ ಗಂಟು, ಎಲ್ಲವನ್ನೂ ಹೇಳಿ ಮುಗಿಸಲು ಐದು ನಿಮಿಷ ಬೇಕಾಯಿತು. ಎರಡನೆಯ ಪ್ಲಾಟು ಗೋಡೆಗೆ ಹಾಕಿದೆ. ನಾನು ಆ ಹೊತ್ತಿಗೆ ಮನಸ್ಸಿನಲ್ಲೇ ಕೋಣೆಯ ಸಾಮಾನು ಕಟ್ಟುತ್ತಿದ್ದೆ: ಪುಸ್ತಕ ಎರಡು ಡಬ್ಬಿ, ಟೇಬಲ್ಲು ಮಾಲಕರದ್ದು.

ಸರ್ ಚೇತರಿಸಿಕೊಳ್ಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವರು ಎದ್ದು, ಇದನ್ನೇ ಈಗ ಹೇಳುವವರಿದ್ದೆವು ಎಂದರು. ದತ್ತಾಂಶವನ್ನು ಎಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸುತ್ತೇವೆ ಎಂದು ತೋರಿಸಲೆಂದೇ ಮೊದಲು ತಪ್ಪು ಪ್ಲಾಟು, ಆಮೇಲೆ ಸರಿಯಾದದ್ದು ಎಂದು ಕ್ರಮ ಹಾಕಿಕೊಂಡಿದ್ದೆವು ಎಂದರು. ತಮ್ಮ ಮಾರ್ಗದರ್ಶನದ ಬಗ್ಗೆಯೂ ಎರಡು ಮಾತು ಸೇರಿಸಿದರು. ಅವರು ಹೇಳುವುದನ್ನು ಕೇಳುತ್ತ ಕೇಳುತ್ತ ನನಗೂ ಅರ್ಧ ನಂಬಿಕೆ ಬಂತು.

ಸಮಿತಿಗೆ ಸಂತೋಷವಾಯಿತು. ಇಂಥ ಪ್ರಾಮಾಣಿಕತೆ ಅಪರೂಪ ಎಂದರು ಅಧ್ಯಕ್ಷರು. ಯೋಜನೆ ಎರಡು ವರ್ಷ ಮುಂದುವರಿಯಲಿ ಎಂದು ಅಲ್ಲೇ ಬರೆಸಿದರು. ಆಮೇಲೆ, ಈಗ ಎಷ್ಟು ಘಟಕ ಇಡೋಣ ಎಂಬ ಪ್ರಶ್ನೆ ಬಂತು. ನಾನು ಎರಡು ಎಂದೆ; ಕಲಸಿ ನೋಡುವ ಪರೀಕ್ಷೆ ವಿವರಿಸಿದೆ. ಅಧ್ಯಕ್ಷರು ಗೆರೆಯ ಮೇಲೆ ಬೆರಳಿಟ್ಟು ನಾಲ್ಕರ ಬಳಿ ಮೊಳಕೈ ಕಂಡರು. ಇನ್ನೊಬ್ಬರು ಐದರ ಬಳಿ ಕಂಡರು. ಒಬ್ಬರಿಗೆ ಎರಡು ಕಂಡಿತು, ಕನ್ನಡಕ ಬದಲಿಸಿದಮೇಲೆ ಮೂರಾಯಿತು. ಪಶುವೈದ್ಯರು, ಹಿಂಡಿಗೆ ಬೇಕಾದದ್ದು ಛಲೋ ಟಗರು ಒಂದು, ಅದು ಸತ್ತರೆ ಇನ್ನೊಂದು, ಅಷ್ಟೇ ಇಡಿ ಎಂದು ಮತ್ತೆ ಕಣ್ಣು ಮುಚ್ಚಿದರು. ಕೊನೆಗೆ ಅರ್ಜಿಯಲ್ಲಿ ಮೂರು ಎಂದು ಅಚ್ಚಾಗಿರುವುದನ್ನು ಸರ್ ನೆನಪಿಸಿದರು. ಕೈ ಎತ್ತಿಸಿದರು. ಮೂರಕ್ಕೆ ಬಹುಮತ ಬಂತು.

ವರದಿಗೆ ಸಹಿ ಹಾಕುವ ದಿನ ನಾನು ಒಂದು ಷರತ್ತು ಹಾಕಿದೆ. ಪ್ಲಾಟಿನ ಕೆಳಗೆ ಒಂದು ಅಡಿಟಿಪ್ಪಣಿ ಇರಬೇಕು: ಗೊಂದಲದ ಗೆರೆಗಿಂತ ಮೇಲಿರುವುದು ಎರಡು ಘಟಕ ಮಾತ್ರ. ಸರ್ ತಕ್ಷಣ ಒಪ್ಪಿದರು. ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲ ಎಂದು ಇಪ್ಪತ್ತೈದು ವರ್ಷದ ಸೇವೆಯಲ್ಲಿ ಅವರು ಕಂಡುಕೊಂಡಿದ್ದರು. ಅದು ಅಚ್ಚಾದ ಅಕ್ಷರ ಮಾತ್ರೆ ಚೀಟಿಯ ಮೇಲಿನ ಅಕ್ಷರಕ್ಕಿಂತ ಸಣ್ಣದು. ಸಹಿ ಹಾಕದೆ ಎದ್ದು ಬರಬಹುದಿತ್ತು. ಹಾಕಿದೆ. ಮೂರರ ಕೆಳಗೆ ನನ್ನ ಹೆಸರಿದೆ, ಚಿತ್ತಿಲ್ಲದ ಅಕ್ಷರದಲ್ಲಿ. ಕೋಣೆಯೂ ಇದೆ.

ಚಳಿಗಾಲದಲ್ಲಿ ಅತ್ತಿ ಕೋಣೆಗೆಂದು ಒಂದು ಕರಿ ಕಂಬಳಿ ಕಳಿಸಿದಳು. ನಾನು ಅಳೆದು ಮರಳಿಸಿದ್ದ ನೂಲನ್ನೇ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಹಾಕಿಸಿದ್ದಳು. ಗಂಟು ಬಿಚ್ಚುವ ತಾಳ್ಮೆ ಅವಳಿಗಿರಲಿಲ್ಲ, ಹಾಗೇ ನೇಯಿಸಿದ್ದಳು. ನೇಯ್ದಮೇಲೆ ಬಳಿದ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅದರ ಮೇಲೆ ಕೂತು ಓದಲು ಹೋದರೆ ಎಲ್ಲೆಲ್ಲೋ ಒತ್ತುತ್ತದೆ. ಫೋನಿನಲ್ಲಿ ಹೇಳಿದೆ.

“ಚುಚ್ಚತಾವೇನ ಬೇ?” ಎಂದಳು. “ನೀನ ಹಾಕಿದ ಗಂಟು. ತಡಕೋ.”

ಗಿಡ್ಡಿಯ ಕಿವಿ, ದೊಡ್ಡಾಕಿಯ ಎದೆ, ಯಾರದೋ ಬಾಲ, ಎಲ್ಲ ಅದರಲ್ಲಿವೆ. ಅತ್ತಿ ಯಾವುದನ್ನೂ ಬಿಟ್ಟಿಲ್ಲ. ಕಂಬಳಿಯ ತುಂಬ ಎಷ್ಟು ಗಂಟುಗಳಿವೆ ಎಂದು ನಾನು ಎಣಿಸಿಲ್ಲ. ಯಾರಾದರೂ ಕೇಳಿದರೆ, ಅದಾವ ಒಂದೀಟು ಎನ್ನುತ್ತೇನೆ.